ಗಂಟು ಬಿಚ್ಚಿಸುತ್ತಿದ್ದ ಅಕ್ಕೋರು

ಯಾರಾದರೂ ಊರಿಗೆ ಹೊರಟು ನಿಂತರೆ ನನ್ನ ಕಣ್ಣು ಮೊದಲು ಅವರ ಮುಖದ ಮೇಲೆ ಹೋಗುವುದಿಲ್ಲ, ಗಂಟಿನ ಮೇಲೆ ಹೋಗುತ್ತದೆ. ಇಷ್ಟೆಲ್ಲ ಯಾಕೆ ಹೊತ್ತಿದ್ದಾರೆ, ಇದರಲ್ಲಿ ಅರ್ಧ ಮನೆಯಲ್ಲೇ ಬಿಟ್ಟಿದ್ದರೆ ಏನು ಮುಳುಗಿಹೋಗುತ್ತಿತ್ತು ಎಂದು ನಾಲಿಗೆ ತುರಿಸುತ್ತದೆ. ಎಷ್ಟೋ ಸಲ ಕೇಳಿಯೂ ಬಿಟ್ಟಿದ್ದೇನೆ. ಸೊಸೆಯಂದಿರಿಗೆ ಇದು ಸೇರುವುದಿಲ್ಲ. “ಅತ್ತಿಯವರು ಸ್ಟೇಶನ್ನಿಗೆ ಬರೂದು ಬ್ಯಾಡವಾ” ಎಂದು ಅವರು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿದ್ದಿದೆ. ಈ ಚಾಳಿ ನನ್ನ ಹುಟ್ಟುಗುಣವಲ್ಲ, ಅಕ್ಕೋರಿಂದ ಅಂಟಿದ್ದು. ಆ ಅಕ್ಕೋರು ಹೋದ ತಿಂಗಳು ತೀರಿಕೊಂಡರು. ಎಂಬತ್ತು ದಾಟಿತ್ತು, ನೋವಿಲ್ಲದೆ ಹೋದರು. ಆದರೂ ಸುದ್ದಿ ಕೇಳಿದ ದಿನ ನಾನು ಕೂತಲ್ಲೇ ಕೂತು ಅತ್ತೆ, ಆಮೇಲೆ ಏನೋ ನೆನಪಾಗಿ ಒಬ್ಬಳೇ ನಕ್ಕೆ. ಮನೆಯವರು ಗಾಬರಿಯಾದರು.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎಂದೇ ಅನ್ನುವುದು. ಬೆಳಗಾವಿಯ ನಮ್ಮ ಕನ್ಯಾಶಾಲೆಯಲ್ಲಿ ಅಂಥವರು ಐದಾರು ಮಂದಿ ಇದ್ದೆವು. ಆದರೆ ಊರಲ್ಲಿ ಯಾರೇ “ಅಕ್ಕೋರು ಬಂದ್ರು” ಎಂದರೂ ಅದು ಒಬ್ಬರೇ. ಅವರ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಬೇಕಾಗಿತ್ತು. ಹೀಗಾಗಿ ನಾನೂ ಇಲ್ಲಿ ಹೇಳುವುದಿಲ್ಲ.

ಹಳೆಯ ಜೈನ ಮನೆತನದವರು. ಹದಿನಾಲ್ಕರಲ್ಲೇ ಗಂಡನನ್ನು ಕಳೆದುಕೊಂಡು, ತವರಿಗೆ ಬಂದು, ಅಣ್ಣನ ಬೆನ್ನು ಹತ್ತಿ ಓದಿ, ಹೊಲಿಗೆ ಮತ್ತು ಕವಾಯತು ಕಲಿಸುವ ಅಕ್ಕೋರಾಗಿದ್ದರು. ಬಿಳಿ ಸೀರೆ, ಬಿಗಿಯಾದ ಕಚ್ಚೆ, ಕೈಯಲ್ಲಿ ಬಟ್ಟೆ ಅಳೆಯುವ ಗಜಕಡ್ಡಿ. ಆಳು ಆ ಗಜಕಡ್ಡಿಗಿಂತ ನಾಲ್ಕು ಬೆರಳು ಎತ್ತರ ಅಷ್ಟೇ ಎಂದು ಹುಡುಗಿಯರು ಬೆನ್ನ ಹಿಂದೆ ನಗುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಒಂದು ಕಾಳೂ ಬಾಯಿಗೆ ಹಾಕುತ್ತಿರಲಿಲ್ಲ. ತೊಗಲು ಮುಟ್ಟುತ್ತಿರಲಿಲ್ಲ, ಸೆಣಬಿನ ಹುರಿ ಹೆಣೆದು ತಳ ಮಾಡಿ, ಮೇಲೆ ದಪ್ಪ ಕ್ಯಾನ್ವಾಸು ಹೊಲಿದು, ತಮ್ಮ ಜೋಡು ತಾವೇ ಮಾಡಿಕೊಳ್ಳುತ್ತಿದ್ದರು. ನೀರು ಕುಡಿಯಬೇಕೆಂದರೆ ಎರಡು ಪದರಿನ ಅರಿವೆಯಲ್ಲಿ ಸೋಸಲೇಬೇಕು. ಸೋಸಿದ ಮೇಲೆ ಆ ಅರಿವೆಯನ್ನು ಹಿಂಡಿ ಒಣಗಹಾಕುವಂತಿಲ್ಲ. ಮಗುಚಿ ಹಿಡಿದು, ಸೋಸಿದ ನೀರನ್ನೇ ಮೇಲಿಂದ ಸುರಿದು, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ಅವು ಬಂದ ನೀರಿಗೇ ಮರಳಿ ಬಿಡಬೇಕು. ಬಾವಿಯದು ಬಾವಿಗೆ, ಹಳ್ಳದ್ದು ಹಳ್ಳಕ್ಕೆ. ಇದು ಅವರ ಮನೆತನದ ಪದ್ಧತಿ. ಈ ಅರಿವೆಯ ಮಾತು ಮುಂದೆ ಮತ್ತೆ ಬರುತ್ತದೆ, ಅದಕ್ಕೇ ಈಗಲೇ ಹೇಳಿಟ್ಟೆ.

ನಾನು ಆ ಸಾಲಿಯಲ್ಲಿ ಕಲಿಸಲು ಸೇರಿದಾಗ ನನಗೆ ಹತ್ತೊಂಬತ್ತು. ದೊಡ್ಡ ಯುದ್ಧ ಮುಗಿದು ಆರೇಳು ವರ್ಷವಾಗಿತ್ತು. ಗಂಡ ಪುಣೆಯಲ್ಲಿ ಓದುತ್ತಿದ್ದರು, ನಾನು ತವರಿನಲ್ಲಿದ್ದೆ. ಅಕ್ಕೋರಿಗೆ ಆಗ ಒಂದೇ ಹುಚ್ಚು. ಗಂಡುಹುಡುಗರ ಸಾಲಿಯವರು ವರ್ಷಕ್ಕೊಮ್ಮೆ ಖಾನಾಪುರದ ಅಡವಿಗೆ ಕಾಲ್ನಡಿಗೆಯಲ್ಲಿ ಹೋಗಿಬರುತ್ತಾರೆ, ನಮ್ಮ ಹುಡುಗಿಯರನ್ನೂ ಕರೆದೊಯ್ಯಬೇಕು. ಮೂರು ವರ್ಷ ಸಾಲಿಯ ಕಮಿಟಿಗೆ ಅರ್ಜಿ ಕೊಟ್ಟಿದ್ದರು, ಮೂರೂ ವರ್ಷ ತಿರಸ್ಕಾರ. ನಾಲ್ಕನೆಯ ಸಲ ನನ್ನನ್ನೂ ಜೊತೆಗೆ ಕರೆದುಕೊಂಡು ಚೇರಮನ್ ಸಾಹೇಬರ ಮನೆಗೇ ಹೋದರು.

ಚೇರಮನ್ ಸಾಹೇಬರು ಮರಾಠಿ ಮನೆಮಾತಿನ ಹಳೆಯ ವಕೀಲರು, ಅಕ್ಕೋರನ್ನು ಮರಾಠಿ ರೂಢಿಯಂತೆ ‘ಬಾಯಿ’ ಎಂದೇ ಕರೆಯುತ್ತಿದ್ದರು. ದೊಡ್ಡ ಹೊಟ್ಟೆ, ದೊಡ್ಡ ಮುಂಡಾಸು, ಮನಸ್ಸೂ ಸಣ್ಣದಲ್ಲ. ಇಂದು ಎಂಬ ಅವರ ಮೊಮ್ಮಗಳು ನಮ್ಮ ಸಾಲಿಯಲ್ಲೇ ಓದುತ್ತಿದ್ದಳು. ಅಕ್ಕೋರ ಮಾತು ಕೇಳಿ ಕೇಳಿ ಸಾಕಾಗಿ ಅಂದರು: “ಆತು ಬಾಯಿ. ಒಂದ ಸಲ. ಖಾನಾಪುರ ತನಕ ರೈಲು, ಮುಂದ ಜಾಂಬೋಟಿ ತನಕ ನಡೀರಿ. ಆದ್ರ ಹೊತ್ತು ಮುಳುಗೂದ್ರಾಗ ಎಲ್ಲಾರೂ ಜಾಂಬೋಟಿ ಧರ್ಮಶಾಳೆದಾಗ ಇರಬೇಕು. ನಾನು ಖುದ್ದ ಬಂದು ತಲಿ ಎಣಸ್ತೀನಿ. ಒಂದ ತಲಿ ಕಮ್ಮಿ ಬಿದ್ರ ಮುಂದ ಯಾವ ಹುಡಿಗೀನೂ ಸಾಲಿ ಅಂಗಳ ದಾಟೂದಿಲ್ಲ. ನಾನೂ ಸಹಿ ಹಾಕೂದಿಲ್ಲ, ನನ್ನ ಹಿಂದ ಬಂದವರೂ ಹಾಕೂದಿಲ್ಲ. ಕಬೂಲ?”

“ಕಬೂಲ್ ರೀ” ಎಂದರು ಅಕ್ಕೋರು. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿ, “ತಂಗೀ, ನಡಿಯೂದು ಹುಡುಗ್ಯಾರಿಗೆ ಕಷ್ಟಲ್ಲ. ಹೊರೂದು ಕಷ್ಟ. ದಾರ್ಯಾಗ ಯಾರರೆ ತಡಾ ಮಾಡಿದ್ರಂದ್ರ ಅದು ಕಾಲಿಂದಲ್ಲ, ಗಂಟಿಂದ. ನಮ್ಮ ಕೆಲಸ ಇವತ್ತಿನಿಂದನ ಸುರು” ಎಂದರು.

ಮರುದಿನವೇ ದಂಡಿನ ಕ್ಯಾಂಪಿನ ಮೋಡಕಾ ಅಂಗಡಿಗೆ, ಅಂದರೆ ಹಳೆಯ ಸಾಮಾನಿನ ಅಂಗಡಿಗೆ, ಸವಾರಿ. ಯುದ್ಧ ಮುಗಿದ ಮೇಲೆ ಪಲ್ಟನಿನವರು ಹರಾಜಿಗೆ ಹಾಕಿದ ಹಳೆಯ ಡೇರೆ, ಬೆನ್ನುಚೀಲ, ಕಂಬಳಿ, ನೀರಿನ ಬಾಟಲಿಗಳೆಲ್ಲ ಅಲ್ಲಿ ಗುಡ್ಡ ಬಿದ್ದಿದ್ದವು. ಅಂಗಡಿಯ ಚಾಚಾ ಮಾತಿನ ಮಲ್ಲ. “ಅಕ್ಕೋರ, ಗೋರಾ ಪಲ್ಟನದ ಮಾಲ್ ರೀ ಇದು. ಆಕಾಶ ಹರಿದು ಬಿದ್ರೂ ಒಂದ ಹನಿ ಒಳಗ ಬರಂಗಿಲ್ಲ” ಎಂದು ಒಂದು ಚೀಲ ಎತ್ತಿ ತೋರಿಸಿದ. ಅಕ್ಕೋರು ಅದನ್ನು ಮೂಸಿದರು, ಹೊಲಿಗೆಯ ದಾರ ಉಗುರಿನಿಂದ ಎಳೆದು ನೋಡಿದರು. ಆಮೇಲೆ ಅದರೊಳಗೆ ಒಂದು ಕೊಡ ನೀರು ಸುರಿಸಿ, “ಹಂಗಾರ ನಿನ್ನ ತಲಿ ಮ್ಯಾಲ ಹಿಡಕೊಂಡು ನಿಂದ್ರಪಾ ಸ್ವಲ್ಪ” ಎಂದರು. ಚಾಚಾ ಚೀಲ ನೋಡಿದ, ತನ್ನ ಹೊಸ ಟೊಪ್ಪಿಗೆ ಮುಟ್ಟಿ ನೋಡಿಕೊಂಡ. “ಬ್ಯಾರೇದು ತೋರಸ್ತೀನ್ ಬರ್ರಿ” ಎಂದು ಒಳಗೆ ಹೋದ. ಹೀಗೆ ಹದಿನಾರು ಚೀಲಗಳಿಗೆ ನೀರು ಹೊಯ್ದು, ಆರಿಸಿದ್ದು ನಾಲ್ಕು ಡೇರೆಯ ಅರಿವೆ, ಕಂಬಳಿ ಹೊದಿಸಿದ ಎಂಟು ನೀರಿನ ಬಾಟಲಿ. ಬಾಟಲಿಯ ತೊಗಲಿನ ಪಟ್ಟಿಗಳನ್ನೆಲ್ಲ ಚಾಚಾನಿಂದಲೇ ಕತ್ತರಿಸಿ ತೆಗೆಸಿದರು. ಡೇರೆಯ ಅರಿವೆಯಿಂದ ಹುಡುಗಿಯರೇ ಹೊಲಿಗೆ ತಾಸಿನಲ್ಲಿ ಬೆನ್ನುಚೀಲ ಹೊಲಿದರು. ಹೆಗಲಿಗೆ ಮಂಚದ ನವಾರು ಪಟ್ಟಿ ಹಚ್ಚಿದರು. “ಗಂಡಸರ ಚೀಲ ಗಂಡಸರ ಹೆಗಲಿಗೆ ಕತ್ತರಿಸಿದ್ದು. ನಮ್ಮ ಹೆಗಲು ನಾವ ಅಳಕೊಳ್ಳೂಣು” ಎಂದು ಗಜಕಡ್ಡಿ ಹಿಡಿದು ಪ್ರತಿಯೊಬ್ಬಳ ಬೆನ್ನನ್ನೂ ಅಳೆದರು.

ಹೊರಡುವ ಹಿಂದಿನ ವಾರ ಗಂಟು ಬಿಚ್ಚುವ ದಿನ. ಈ ಗಂಟು ಬಿಚ್ಚುವ ದಿನವೊಂದಕ್ಕೇ ಅಕ್ಕೋರನ್ನು ನಾನು ಸಾಯುವತನಕ ಮರೆಯುವುದಿಲ್ಲ. ಹೊಲಿಗೆ ಕೋಣೆಯಲ್ಲಿ ದೊಡ್ಡ ಜಮಖಾನೆ ಹಾಸಿತ್ತು. ಹನ್ನೆರಡು ಹುಡುಗಿಯರು ಮತ್ತು ನಾನು ನಮ್ಮ ನಮ್ಮ ಗಂಟು ಮುಂದಿಟ್ಟುಕೊಂಡು ಕುಳಿತಿದ್ದೆವು. ಅಕ್ಕೋರು ಗಂಟು ಬಿಚ್ಚಿಸಿ, ಒಂದೊಂದು ಸಾಮಾನಿನ ತಲೆ ಗಜಕಡ್ಡಿಯಿಂದ ಮೆಲ್ಲಗೆ ತಟ್ಟಿ, ಹುಡುಗಿಯನ್ನಲ್ಲ, ಸಾಮಾನನ್ನೇ ಕೇಳುತ್ತಿದ್ದರು. ಎರಡೇ ಪ್ರಶ್ನೆ. “ನೀ ಯಾಕ ಬಂದಿ?” ಆಮೇಲೆ, “ನಿನ್ನ ಬಿಟ್ಟು ಹ್ವಾದ್ರ ಏನಾಗತೈತಿ?” ಸಾಮಾನಿನ ಪರವಾಗಿ ಅದರ ಒಡತಿ ಉತ್ತರ ಕೊಡಬೇಕು. ಉತ್ತರ ಒಪ್ಪಿಗೆಯಾದರೆ ಅದು ಬಲಕ್ಕೆ, ಅಡವಿಯ ದಾರಿ. ಇಲ್ಲದಿದ್ದರೆ ಎಡಕ್ಕೆ, ಮನೆಯ ದಾರಿ.

ಇಂದುವಿನ ಕನ್ನಡಿಗೆ ಕೇಳಿದರು, “ನೀ ಯಾಕ ಬಂದಿ?”

“ಮಾರಿ ನೋಡಕೊಳ್ಳಾಕ್ರಿ.”

“ನಿನ್ನ ಬಿಟ್ಟು ಹ್ವಾದ್ರ ಏನಾಗತೈತಿ?”

ಇಂದು ಯೋಚಿಸಿ, “ಮಾರಿ ಹಂಗ ಇರತೈತ್ರಿ” ಎಂದಳು. ಕನ್ನಡಿ ಎಡಕ್ಕೆ ಹೋಯಿತು, ಕೋಣೆಯೆಲ್ಲ ನಗೆ. ಒಂದು ಸಾಮಾನು ಕನಿಷ್ಠ ಎರಡು ಕೆಲಸ ಮಾಡಬೇಕೆಂಬುದು ಅವರ ಕಾಯಿದೆ. ಹಳೆಯ ಸೀರೆ ಸರ್ರನೆ ಬಲಕ್ಕೆ ಹೋಗುತ್ತಿತ್ತು, ಅದು ಹಾಸಿಗೆ, ಮರೆ, ಹಗ್ಗ, ಗಾಯಕ್ಕೆ ಪಟ್ಟಿ ಎಲ್ಲ ಆಗುತ್ತದೆ. “ಒಂದ ಕೆಲಸ ಮಾಡೂ ಸಾಮಾನು ಜಹಾಗೀರದಾರ ಇದ್ದಂಗ. ಹೊತಗೊಂಡ ತಿರಗಬೇಕು” ಎನ್ನುತ್ತಿದ್ದರು.

ನನ್ನ ಗಂಟು ಬಿಚ್ಚಿದಾಗ ನನಗೇ ನಾಚಿಕೆಯಾಯಿತು. ಅದನ್ನು ಕಟ್ಟಿದವಳು ನಮ್ಮವ್ವ. ಅವ್ವನ ತವರು ಬೆಳಗಾವಿಯ ಒಂದು ಓಣಿ, ಅತ್ತೆಯ ಮನೆ ಅದರಿಂದ ಎರಡು ಓಣಿ ಆಚೆಗೆ. ಆ ಓಣಿಗಳ ನಡುವೆಯೇ ಅವಳ ಓಡಾಟವೆಲ್ಲ. ನಾನು ಅಡವಿಗೆ ಹೋಗುತ್ತೇನೆಂದಾಗ “ಹೆಣ್ಣಮಕ್ಕಳಿಗೆ ಅಡವಿ ತಿರಗೂ ಬ್ಯಾನಿ ಯಾವಾಗ ಬಂತವಾ?” ಎಂದು ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ತಾನೇ ಕೂತು ಗಂಟು ಕಟ್ಟಿದ್ದಳು. ವಿಭೂತಿ ಗಟ್ಟಿ, ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಬಲಕ್ಕೆ ಹೋದವು. ಎರಡು ದಿಂಬು, ಎಣ್ಣೆಯ ಗಾಜಿನ ಬಾಟಲಿ, ಜರಿಯ ಸೀರೆ ಎಡಕ್ಕೆ. ಎಲ್ಲದರ ತಳದಲ್ಲಿ ಅವಳ ತಾಯಿ ಕೊಟ್ಟಿದ್ದ ಹಿತ್ತಾಳೆಯ ತಂಬಿಗೆ, ಮೂರು ಸೇರು ಹಿಡಿಯುವಂಥದ್ದು, ಎತ್ತಿದರೆ ಕೈ ಜಗ್ಗುತ್ತಿತ್ತು.

“ನೀ ಯಾಕ ಬಂದಿ?” ಅಕ್ಕೋರು ಅದರ ಕಂಠಕ್ಕೆ ಟಣ್ಣೆಂದು ಬಡಿದರು.

“ಅವ್ವ ಕೊಟ್ಟಾಳ್ರಿ” ಎಂದೆ.

“ಅಂದ್ರ ಅವ್ವ ಮನ್ಯಾಗ ಇರತಾಳ, ಆಕಿ ತಂಬಗಿ ಅಡವಿ ನೋಡಾಕ ಬರತೈತಿ? ಚಲೋ ಆತು! ಹೊಳ್ಳಿ ಒಯ್ಯಿ. ತಂಬಗಿ ಬರೂದಿದ್ರ ಅವ್ವನ್ನೂ ಕರಕೊಂಬಾ ಅಂತ ಹೇಳು.” ಹುಡುಗಿಯರು ಬಿದ್ದು ಬಿದ್ದು ನಕ್ಕರು. ತಂಬಿಗೆಯ ಬದಲು ಸಾಲಿಯ ಒಂದು ಹಗುರ ಅಲ್ಯುಮಿನಿಯಂ ಡಬ್ಬಿ, ನಮ್ಮ ಮಾತಿನಲ್ಲಿ ಜರ್ಮನ್ ಡಬ್ಬಿ, ಕೊಟ್ಟರು. ಮನೆಗೆ ಬಂದು ಅವ್ವನಿಗೆ ನಡೆದದ್ದೆಲ್ಲ ಹೇಳಿದೆ. ಅವಳು ನಗಲಿಲ್ಲ. ತಂಬಿಗೆಯನ್ನು ಸೆರಗಿನಿಂದ ಒರೆಸಿ ನಾಗೊಂದಿಗೆಯ ಮೇಲಿಟ್ಟಳು.

ಅದಾದ ಮೇಲೆ ಪೀರನವಾಡಿಯ ರಂಗತಾಲೀಮು. ಚೀಲ ತುಂಬಿ ಬೆನ್ನಿಗೇರಿಸಿ ಊರ ಹೊರಗಿನ ಆ ಹಳ್ಳಿಗೆ ಹೋಗಿ ಬರಬೇಕು. ಓಣಿಯ ಕಟ್ಟೆಗಳ ಮೇಲಿನ ಮುದುಕರು “ಸಾಲಿ ಹುಡುಗ್ಯಾರು ಗುಳೆ ಎದ್ದಾರಲೇ, ಯಾ ಊರಿಗೆ?” ಎಂದು ಕೂಗಿದರು. ಅಕ್ಕೋರು ನಿಂತು ಸಾವಕಾಶವಾಗಿ, “ಜಾಂಬೋಟಿಗ್ರೀ ಅಜ್ಜಾ. ನಿಮ್ಮ ಕೋಲು ಒಂದ ಕೊಡತೀರೇನು, ಅಗದೀ ಹಗೂರ ಕಾಣತೈತಿ?” ಎಂದರು. ಮುದುಕ ಕೋಲನ್ನು ಎದೆಗವಚಿಕೊಂಡ.

ನಾನು ಪ್ರವಾಸಕ್ಕೆಂದೇ ಕ್ಯಾಂಪಿನಿಂದ ಹೊಸ ಬೂಟು ತರಿಸಿದ್ದೆ. ಎಣ್ಣೆ ಹಚ್ಚಿದಂತೆ ಮಿಂಚುತ್ತಿದ್ದವು. ಅಕ್ಕೋರು ಅವನ್ನೊಮ್ಮೆ ನೋಡಿ ಮುಂದೆ ನಡೆದರು. ಪೀರನವಾಡಿ ಮುಟ್ಟುವುದರೊಳಗೆ ಎರಡೂ ಹಿಮ್ಮಡದಲ್ಲಿ ಬೊಬ್ಬೆ. ಅಲ್ಲಿ ಗಿಡದ ಕೆಳಗೆ ಕೂಡಿಸಿ, ಬೂಟು ಕಳಚಿಸಿ, ಗಂಭೀರವಾಗಿ ಆ ಬೂಟನ್ನೇ ಕೇಳಿದರು, “ನೀ ಯಾಕ ಬಂದಿ?” ನಾನು ಅಳುತ್ತಲೇ, “ಚಂದ ಕಾಣಾಕ್ರಿ” ಎಂದೆ. “ಹೊಸಾ ಚಪ್ಪಲಿ ಲಗ್ನಕ್ಕ, ಹಳೀ ಚಪ್ಪಲಿ ದಾರಿಗೆ, ತಂಗೀ” ಎಂದು ತಮ್ಮ ಚೀಲದಿಂದ ನನ್ನ ಹಳೆಯ ಚಪ್ಪಲಿ ತೆಗೆದುಕೊಟ್ಟರು. ಬೆಳಿಗ್ಗೆ ನಮ್ಮ ಮನೆಯ ಬಾಗಿಲಿನಿಂದ ಅವನ್ನು ಎತ್ತಿಕೊಂಡು ಬಂದಿದ್ದರು ಪುಣ್ಯಾತಗಿತ್ತಿ! ತೊಗಲು ಮುಟ್ಟದವರು ಅವನ್ನು ಹಾಳೆಯಲ್ಲಿ ಸುತ್ತಿ, ಸುತ್ತಿದ ಹಾಳೆಯನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡಿದ್ದರು. ಆಗ ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸಿಟ್ಟು ಪ್ರೀತಿಯಾಗಲು ಬೊಬ್ಬೆ ಮಾಯುವಷ್ಟು ದಿನವೂ ಬೇಕಾಗಲಿಲ್ಲ.

ಎಳ್ಳಮಾಸಿ ಮುಗಿದ ವಾರ ಹೊರಟೆವು. ಬೆಳಗಿನ ರೈಲಿನಲ್ಲಿ ಖಾನಾಪುರಕ್ಕೆ ಇಳಿದಾಗ ಚೇರಮನ್ ಸಾಹೇಬರೂ ಅದೇ ರೈಲಿನಿಂದ ಇಳಿದರು. ಅವರ ಸಾಮಾನು ಇಳಿಸಲು ಇಬ್ಬರು ಹಮಾಲರು ಬೇಕಾದರು. ಮಡಿಚುವ ಮಂಚ, ಗಾದಿ, ಲೋಡು, ಕಬ್ಬಿಣದ ಪೆಟ್ಟಿಗೆ, ಪೀಕದಾನಿ, ಎಲ್ಲಕ್ಕೂ ಮಿಗಿಲಾಗಿ ಸ್ನಾನದ ನೀರು ಕಾಯಿಸುವ ತಾಮ್ರದ ಬಂಬ. “ನೀವು ನಡೀರಿ ಬಾಯಿ. ನಾನು ದಮಣಿ ಮಾಡಕೊಂಡು ಹಿಂದಿನಿಂದ ಬಂದು, ನಿಮಕಿಂತ ಮೊದಲ ಮುಟ್ಟತೀನಿ” ಎಂದು ನಕ್ಕರು. ದಮಣಿಯೆಂದರೆ ಮೇಲೆ ಹೊದಿಕೆಯಿರುವ ಎತ್ತಿನ ಗಾಡಿ. ಅಕ್ಕೋರು ಬಂಬದ ಕಡೆಗೆ ಒಮ್ಮೆ ನೋಡಿದರು. ತುಟಿಯವರೆಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡದ್ದು ನನಗೆ ಕಂಡಿತು.

ಜಾಂಬೋಟಿಗೆ ಹನ್ನೊಂದು ಮೈಲಿ. ಮಲಪ್ರಭೆಯ ದಂಡೆ ಸಿಕ್ಕಾಗ ಹುಡುಗಿಯರು ಹುಚ್ಚೆದ್ದು ಕುಣಿದರು. ಹೊಳೆಯನ್ನು ಅವರಲ್ಲಿ ಹಲವರು ನೋಡುವುದೇ ಮೊದಲು. ಆಮೇಲೆ ಅಡವಿಯ ದಾರಿ, ನೆರಳು, ಎಲೆಯ ವಾಸನೆ. ಚೀಲ ಬೆನ್ನಿಗೆ ಅಂಟಿಕೊಂಡು ಕೂತಿತ್ತು, ಒಬ್ಬಳೂ ನೋವೆನ್ನಲಿಲ್ಲ. ನಡುಮಧ್ಯಾಹ್ನಕ್ಕೆ ಅರ್ಧ ದಾರಿ ಕ್ರಮಿಸಿ ಒಂದು ಹಳ್ಳದ ಬಳಿ ಬುತ್ತಿ ಬಿಚ್ಚಿದೆವು. ಅಕ್ಕೋರು ನೀರು ಸೋಸಿ ಎಲ್ಲ ಬಾಟಲಿ ತುಂಬಿ, ಒಬ್ಬ ಹುಡುಗಿಯ ಕಾಲಿನ ಮುಳ್ಳು ತೆಗೆಯಲು ಹೋದರು. “ತಂಗೀ, ಅರಿವಿ ನೋಡಕೋ” ಎಂದು ನನಗೆ ಒಪ್ಪಿಸಿದರು.

ನಾನು ನೋಡಿಕೊಂಡೆ, ನನ್ನ ರೀತಿಯಲ್ಲಿ. ಅರಿವೆಯನ್ನು ಹಸಿಯಾಗಿಯೇ ಸುತ್ತಿ ಜರ್ಮನ್ ಡಬ್ಬಿಯಲ್ಲಿ ತುರುಕಿ ಮುಚ್ಚಳ ಹಾಕಿ ಹೊರಟುಬಿಟ್ಟೆ. ಒಂದು ಮೈಲಿ ನಡೆದ ಮೇಲೆ ನೆನಪಾಯಿತು. ಜೀವಗಳನ್ನು ಹಳ್ಳಕ್ಕೆ ಬಿಟ್ಟೇ ಇರಲಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಮುಂದೆ ಯಾವುದಾದರೂ ನೀರಿನಲ್ಲಿ ಜಾಲಾಡಿಸಿದರಾಯಿತು ಎಂದುಕೊಂಡೆ. ಹೇಳಿದರೆ ಅಕ್ಕೋರು ತಿರುಗಿ ಹೋಗುವುದು ಖಂಡಿತ, ಹೊತ್ತು ಮುಳುಗುವುದರೊಳಗೆ ಮುಟ್ಟದಿದ್ದರೆ ಮೂರು ವರ್ಷದ ಅರ್ಜಿ ಮಣ್ಣುಪಾಲು. ಇನ್ನೂ ಅರ್ಧ ಮೈಲಿ ಹೀಗೇ ತೂಗಿಕೊಂಡು ನಡೆದೆ. ಕೊನೆಗೆ ಆ ಡಬ್ಬಿ ಬೆನ್ನಿಗೆ ಹತ್ತಿದ ಹಾಗೆಲ್ಲ ಒಳಗಿನ ಜೀವಗಳು ಕದ ತಟ್ಟಿದಂತಾಗಿ, ಓಡಿಹೋಗಿ ಹೇಳಿಬಿಟ್ಟೆ.

ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅಕ್ಕೋರು ಮುಚ್ಚಳ ತೆಗೆದು ಅರಿವೆ ಮುಟ್ಟಿ ನೋಡಿದರು. “ಇನ್ನೂ ಹಸೇ ಅದ. ಪಾಪ, ಆ ಹಳ್ಳದಾಗ ಹುಟ್ಟಿದ್ದು, ಜಾಂಬೋಟ್ಯಾಗ ಇವಕ್ಕ ಯಾರ ಪರಿಚಯ ಅದ? ಮನೀಗೆ ಮುಟ್ಟಿಸಿ ಬರತೀನಿ” ಎಂದರು.

“ಅಕ್ಕೋರ, ಹೊತ್ತು ಮುಳುಗಿದ್ರ? ತಲಿ ಎಣಸ್ತೀನಂದಾರಲ್ರಿ ಸಾಹೇಬ್ರು.”

“ಹುಡುಗ್ಯಾರ ತಲಿ ಹನ್ನೆರಡು ನಿನ್ನ ಕೈಯಾಗ ಅದಾವ. ನೀ ಮುಂದ ನಡಿ. ಲಗೂ ಅಂತ ಓಡಸಬ್ಯಾಡ, ಸಾವಕಾಶ ಅಂತ ಕುಂದರಸಬ್ಯಾಡ.” ಗಜಕಡ್ಡಿಯನ್ನು ನನ್ನ ಕೈಗಿಟ್ಟು, ಡಬ್ಬಿ ಹಿಡಿದುಕೊಂಡು ಬಂದ ದಾರಿಯಲ್ಲೇ ತಿರುಗಿದರು. ಆ ಪುಟ್ಟ ಬಿಳಿ ಸೀರೆ ಮರಗಳ ಮರೆಗೆ ಹೋಗುವತನಕ ನಾವು ನೋಡುತ್ತ ನಿಂತೆವು.

ಗಜಕಡ್ಡಿ ಹಿಡಿದು ನಾನು ಆ ಹುಡುಗಿಯರನ್ನು ಹೇಗೆ ನಡೆಸಿದೆನೋ ಶಿವನಿಗೇ ಗೊತ್ತು. ಹೊತ್ತು ಇನ್ನೂ ಗುಡ್ಡದಿಂದ ಎರಡಾಳೆತ್ತರ ಮೇಲಿರುವಾಗಲೇ ಜಾಂಬೋಟಿ ಮುಟ್ಟಿದೆವು. ಧರ್ಮಶಾಳೆ ಗುಡಿಸಿ, ಸೀರೆಗಳನ್ನು ಮರೆ ಕಟ್ಟಿ, ಅಂಗಳದಲ್ಲಿ ದಾರಿ ನೋಡುತ್ತ ಕುಳಿತೆವು. ಚೇರಮನ್ ಸಾಹೇಬರ ದಮಣಿಯೂ ಇಲ್ಲ, ಅಕ್ಕೋರೂ ಇಲ್ಲ. ಹೊತ್ತು ಒಂದಾಳಿಗೆ ಇಳಿಯಿತು, ಅರ್ಧಾಳಿಗೆ ಇಳಿಯಿತು. ಹುಡುಗಿಯರ ತಲೆ ಎಣಿಸಿ ಎಣಿಸಿ ಗಜಕಡ್ಡಿಯೇ ಬೆವರಿತ್ತು. ಹನ್ನೆರಡಕ್ಕೆ ಹನ್ನೆರಡೂ ಇದ್ದವು, ಕರೆತಂದವರ ತಲೆಯೇ ಇರಲಿಲ್ಲ. ಎಲ್ಲ ನನ್ನಿಂದಾದದ್ದು. ಇಂದು ನನ್ನ ಕೈ ಹಿಡಿದು, “ಅಜ್ಜಾ ಬಂದ ಮ್ಯಾಲ ನಾ ಅತ್ತುಬಿಡತೀನ್ರಿ. ನಾ ಅತ್ರ ಅವ್ರು ಏನೂ ಅನ್ನಂಗಿಲ್ಲ” ಎಂದು ಧೈರ್ಯ ಹೇಳಿದಳು.

ಹೊತ್ತು ಗುಡ್ಡದ ನೆತ್ತಿ ಮುಟ್ಟಿದಾಗ ದಾರಿಯ ತಿರುವಿನಲ್ಲಿ ಇಬ್ಬರು ಕಂಡರು. ಮುಂದೆ ಬಿಳಿ ಸೀರೆ. ಹಿಂದೆ ಒಬ್ಬ ದಪ್ಪ ಮನುಷ್ಯ, ಧೋತರ ಮೊಳಕಾಲಿಗೆ ಏರಿಸಿ, ಜೋಡು ಕೈಯಲ್ಲಿ ಹಿಡಿದು, ಬೆನ್ನಿಗೆ ನಮ್ಮ ಸಾಲಿಯ ಡೇರೆ ಅರಿವೆಯ ಚೀಲ ಏರಿಸಿಕೊಂಡು ತೇಕುತ್ತ ಬರುತ್ತಿದ್ದ. ಇಂದು ಒಮ್ಮೆಲೇ ಚೀರಿದಳು, “ನಮ್ಮ ಅಜ್ಜಾ!”

ನಡೆದದ್ದನ್ನು ಆಮೇಲೆ ಚೇರಮನ್ ಸಾಹೇಬರೇ ಹೇಳಿದರು. ಅಂದಷ್ಟೇ ಅಲ್ಲ, ಮುಂದೆ ಎಷ್ಟೋ ವರ್ಷ ಸಿಕ್ಕ ಸಿಕ್ಕವರಿಗೆಲ್ಲ ಹೊಟ್ಟೆ ಕುಣಿಸಿ ನಗುತ್ತ ಹೇಳುತ್ತಿದ್ದರು. ಸಾಮಾನು ಹೇರುವುದರಲ್ಲೇ ಅವರಿಗೆ ಅರ್ಧ ದಿನ ಹೋಗಿತ್ತು. ಆ ಭಾರಕ್ಕೆ ದಮಣಿಯ ಗಾಲಿಗಳು ನಾವು ಬುತ್ತಿ ಬಿಚ್ಚಿದ ಹಳ್ಳದ ಹಸಿ ಉಸುಕಿನಲ್ಲೇ ನಡುವಿನ ಗುಂಬದವರೆಗೆ ಹೂತಿದ್ದವು. ಎತ್ತುಗಳು ಜಗ್ಗಲೊಲ್ಲವು, ಗಾಡಿಯವನು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಅಷ್ಟರಲ್ಲಿ ಡಬ್ಬಿ ಹಿಡಿದು ಅಕ್ಕೋರು ಬಂದರಂತೆ. “ಬಾಯಿ! ದೇವರ ಬಂದಂಗ ಬಂದ್ರಿ! ಮೊದಲ ಇದನ್ನ ನೋಡ್ರಿ” ಎಂದು ಇವರು ಗಾಡಿಯೊಳಗಿಂದ ಕೂಗಿದರೆ, “ಒಂದ ನಿಮಿಷ ತಡೀರಿ ಸಾಹೇಬ್ರ, ನಿಮಕಿಂತ ಮೊದಲ ಬಂದವ್ರು ಅದಾರ” ಎಂದು ಅಕ್ಕೋರು ಮೇಲಿನ ನೀರಿಗೆ ಹೋಗಿ, ಕೂತು, ಅರಿವೆ ಮಗುಚಿ ನೀರು ಸುರಿದು ಜೀವಗಳನ್ನು ಬಿಟ್ಟರಂತೆ. ಆಮೇಲೆ ಬಂದು ಗಾಡಿಯ ಹೊದಿಕೆ ಸರಿಸಿ, ಬಂಬದ ತಲೆ ತಟ್ಟಿ ಕೇಳಿಯೇಬಿಟ್ಟರಂತೆ, “ನೀ ಯಾಕ ಬಂದಿ?”

“ನನಗ ತಣ್ಣೀರ ಜಳಕ ಆಗೂದಿಲ್ಲ ಬಾಯಿ.”

“ಜಾಂಬೋಟ್ಯಾಗ ಒಲಿ ಇಲ್ಲೇನ್ರಿ? ಹಂಡೆ ಇಲ್ಲೇನ್ರಿ?”

ಬಂಬ ದಂಡೆಗೆ ಹೋಯಿತು. ಮಂಚ ಹೋಯಿತು. ಗಾದಿ, ಪೆಟ್ಟಿಗೆ, ಪೀಕದಾನಿ ಒಂದೊಂದೇ ಹೋದವು. “ನಲವತ್ತು ವರ್ಸ ವಕೀಲಕಿ ಮಾಡೀನಿ, ಒಂದ ಸಾಮಾನೂ ಗೆಲಸಾಕ ಆಗಲಿಲ್ಲ” ಎನ್ನುತ್ತಿದ್ದರು ಸಾಹೇಬರು. ಕೊನೆಗೆ ಒಂದು ಧೋತರ, ಒಂದು ಶಾಲು, ಔಷಧದ ಶೀಶೆ ಉಳಿದವು. ಅವನ್ನು ಅಕ್ಕೋರು ತಮ್ಮ ಚೀಲಕ್ಕೆ ಹಾಕಿ, ಚೀಲವನ್ನು ಅವರ ಬೆನ್ನಿಗೇ ಏರಿಸಿದರು. ಹಗುರಾದ ಗಾಡಿ ಮೇಲೆದ್ದಿತು. ಆದರೆ ದಣಿದ ಎತ್ತುಗಳು ಹೊತ್ತು ಮುಳುಗುವುದರೊಳಗೆ ಮುಟ್ಟುವಂತಿರಲಿಲ್ಲ. ಸಾಮಾನು ಮತ್ತೆ ಹೇರಿಕೊಂಡು ಖಾನಾಪುರಕ್ಕೇ ಸಾವಕಾಶ ತಿರುಗಲು ಗಾಡಿಯವನಿಗೆ ಹೇಳಿ, “ಕರಾರು ನಿಮ್ಮದೇ ಐತಿ ಸಾಹೇಬ್ರ, ನಡೀರಿ” ಎಂದು ಮುಂದಾದರಂತೆ.

ಅಂಗಳಕ್ಕೆ ಬಂದವರೇ ಚೇರಮನ್ ಸಾಹೇಬರು ಕಟ್ಟೆಯ ಮೇಲೆ ಧೊಪ್ಪೆಂದು ಕುಳಿತರು. ನಾನು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, “ಹನ್ನೆರಡೂ ಹಾಜರ್ ರೀ” ಎಂದೆ. ಸಾಹೇಬರು ಎಣಿಸಲೇ ಇಲ್ಲ. “ನನ್ನ ತಲಿ ಎಣಿಸಿದಿ? ಹೊತ್ತು ಮುಳುಗೇತೇನು ನೋಡು” ಎಂದರು. ಗುಡ್ಡದ ಮೇಲೆ ಇನ್ನೂ ಒಂದು ಚೂರು ಕೆಂಪು ಉಳಿದಿತ್ತು. ಅಷ್ಟರಲ್ಲೇ ಅಕ್ಕೋರಿಗೆ ಎರಡು ಮುಷ್ಟಿ ಅವಲಕ್ಕಿ ತಿನ್ನಿಸಿ, ಹಳೆಯ ಸೀರೆ ಎರಡು ಪದರು ಮಾಡಿ ನಾನೇ ಸೋಸಿಟ್ಟಿದ್ದ ನೀರು ಕುಡಿಸಿದೆ. ಅವರು ಕುಡಿಯುವ ಮೊದಲು ನನ್ನ ಮುಖ ನೋಡಿದರು. “ಬಾವೀಗೆ ಹೊಳ್ಳಿ ಬಿಟ್ಟು ಬಂದೀನ್ರಿ” ಎಂದೆ.

ಮರುದಿನ ಬೆಳಗಾವಿಯ ದಾರಿಯಲ್ಲಿ ಬಹಳಷ್ಟು ದೂರ ಬಾಡಿಗೆ ಗಾಡಿಯಲ್ಲಿ ಬಂದೆವು. ಪೀರನವಾಡಿಯಿಂದ ಎಲ್ಲರೂ ಇಳಿದು ಚೀಲ ಹೊತ್ತು ನಡೆಯಬೇಕೆಂದು ಅಕ್ಕೋರ ಹಟ, ಊರಿಗೆ ಕಾಣಬೇಕಲ್ಲ. ಅಲ್ಲಿ ತಾಯಂದಿರು ಕಾಯುತ್ತಿದ್ದರು. ಅವರ ನಡುವೆ ನಮ್ಮವ್ವನೂ ನಿಂತಿದ್ದಳು. ನಮ್ಮ ಓಣಿ ಬಿಟ್ಟು ಅಷ್ಟು ದೂರ ಅವಳು ಬಂದದ್ದು ನನಗೆ ನೆನಪಿರುವಂತೆ ಅದೇ ಮೊದಲು. ಕಾಲು ನೋಯುತ್ತದೆಯೇ, ಉಂಡೆಯಾ ಎಂದು ಏನೂ ಕೇಳಲಿಲ್ಲ. “ಹೊಳಿ ಹೆಂಗಿತ್ತು?” ಎಂದಳು. ನಾನು ದಾರಿಯುದ್ದಕ್ಕೂ ಹೇಳಿದೆ, ಅವಳು ದಾರಿಯುದ್ದಕ್ಕೂ ಕೇಳಿದಳು.

ಚೇರಮನ್ ಸಾಹೇಬರು ಮುಂದಿನ ವರ್ಷದ ಅರ್ಜಿಗೆ ಓದದೆಯೇ ಸಹಿ ಹಾಕಿದರು. ಅಷ್ಟೇ ಅಲ್ಲ, ಹುಡುಗಿಯರ ಜೊತೆ ಬಯಸುವ ತಾಯಂದಿರೂ ಬರಬಹುದೆಂದು ತಾವೇ ಒಂದು ಸಾಲು ಸೇರಿಸಿದರು. ಅಕ್ಕೋರು ನಗುತ್ತ, “ಸಹಿ ಸುಲಭ ಸಾಹೇಬ್ರ. ತಾಯಂದ್ರು ಎಲ್ಲಿ ಬರತಾರ?” ಎಂದಿದ್ದರು.

ಆಮೇಲೆ ಅಕ್ಕೋರು ಎಷ್ಟೋ ಪ್ರವಾಸ ಮಾಡಿಸಿದರು. ನಾನೂ ಅವರ ಹಿಂದೆ ಅಡವಿಯ ದಾರಿ ತುಳಿದು ತುಳಿದು ನಾಲ್ಕು ಜೋಡು ಚಪ್ಪಲಿ ಸವೆಸಿದೆ. ನಿವೃತ್ತರಾಗುವ ದಿನ ಗಜಕಡ್ಡಿ ನನಗೇ ಕೊಟ್ಟರು. ಆದರೆ ಅವರನ್ನು ನೆನೆದಾಗ ಅವರು ನನ್ನ ಕಣ್ಣಿಗೆ ಬರುವುದು ಆ ಎರಡನೆಯ ವರ್ಷದ ಹೊಲಿಗೆ ಕೋಣೆಯಲ್ಲಿ.

ಅಂದು ಜಮಖಾನೆ ಹಾಸಿತ್ತು. ಹುಡುಗಿಯರೆಲ್ಲ ಗಂಟು ಬಿಚ್ಚಿ ಕುಳಿತಿದ್ದರು. ಬಾಗಿಲಲ್ಲಿ ಬಳೆಯ ಸದ್ದಾಯಿತು, ತಿರುಗಿದರೆ ಅವ್ವ. ನನಗೆ ಒಂದು ಮಾತೂ ಹೇಳಿರಲಿಲ್ಲ. ಸೆರಗು ಹಣೆಯವರೆಗೆ ಎಳೆದುಕೊಂಡು ಬಂದು, ಹುಡುಗಿಯರ ಸಾಲಿನ ಕೊನೆಗೆ ಮುದುರಿ ಕುಳಿತು, ತನ್ನ ಗಂಟು ಮುಂದಿಟ್ಟಳು. ಒಂದು ಸೀರೆ, ಒಂದು ಕಂಬಳಿ, ವಿಭೂತಿ, ಬುತ್ತಿ. ಅಕ್ಕೋರು ಮೆಚ್ಚಿ ತಲೆದೂಗಿ ಎಲ್ಲವನ್ನೂ ಕೇಳದೆಯೇ ಬಲಕ್ಕೆ ಸರಿಸಿದರು. ಕೊನೆಗೆ ಆ ಹಿತ್ತಾಳೆಯ ತಂಬಿಗೆ ಉಳಿಯಿತು. ಹುಡುಗಿಯರು ನಗಲು ಕಾದರು. ಅಕ್ಕೋರು ಗಜಕಡ್ಡಿಯಿಂದ ಅದರ ಕಂಠ ತಟ್ಟಿದರು.

“ಹ್ವಾದ ವರ್ಸ ನಿನ್ನ ಹೊಳ್ಳಿ ಕಳಿಸಿದ್ದೆ. ಮತ್ಯಾಕ ಬಂದಿ?”

ಅವ್ವ ತಂಬಿಗೆಯ ಮೇಲೆ ಕೈಯಿಟ್ಟಳು. “ಬೆಳಗಾಂವ್ಯಾಗ ಹುಟ್ಟಿ ನಲವತ್ತೆರಡ ವರ್ಸ ಆತ್ರಿ ಅಕ್ಕೋರ. ಖಾನಾಪುರದ ಹೊಳಿ ಬಾಜುಕ ಐತಿ ಅಂತಾರ, ಕಿವಿಲೆ ಕೇಳೀನಿ. ಕಣ್ಣಲೆ ನೋಡಿಲ್ಲ. ನೋಡಾಕ ಬಂದೀನ್ರಿ. ನಮ್ಮವ್ವನೂ ನೋಡಲಾರದ ಹ್ವಾದಳು. ಆಕಿ ತಂಬಗ್ಯಾಗ ಒಂದೀಟು ತುಂಬಕೊಂಡು ಬರತೀನಿ.”

ಕೋಣೆಯಲ್ಲಿ ಯಾರೂ ನಗಲಿಲ್ಲ. ಅಕ್ಕೋರು ತಮ್ಮ ಎರಡನೆಯ ಪ್ರಶ್ನೆ ಕೇಳಲಿಲ್ಲ. ಗಜಕಡ್ಡಿಯನ್ನು ಕೆಳಗಿಟ್ಟು, ಎರಡೂ ಕೈಯಿಂದ ಆ ತಂಬಿಗೆಯನ್ನು ಎತ್ತಿ ತಾವೇ ಬಲಕ್ಕೆ ಇಟ್ಟರು.

ಮೂರು ಸೇರಿನ ಆ ತಂಬಿಗೆಯನ್ನು ಅವ್ವ ಹನ್ನೊಂದು ಮೈಲಿ ಹೊತ್ತಳು. ಹೊಳೆಯ ನೀರು ತುಂಬಿದ ಮೇಲೆ ಅದು ಇನ್ನೂ ಭಾರವಾಗಿತ್ತು. ನಾನೂ ಕೈಚಾಚಿದೆ, ಅಕ್ಕೋರೂ ಕೈಚಾಚಿದರು. ಅವಳು ಯಾರಿಗೂ ಕೊಡಲಿಲ್ಲ.